ಬೆನ್ನ ಮೇಲಿನ ಹೆಸರು

ಅಕ್ಷಿತಾಳ ಅಪ್ಪನಿಗೆ,

ಸಿರುಗುಪ್ಪದಲ್ಲಿ ಹೇಗಿದ್ದೀರಿ ಎಂದು ಕೇಳಲು ಬರೆಯುತ್ತಿಲ್ಲ. "ಚಡ್ಡಿ ಹಾಕ್ಕೊಂಡು ಗಂಡಸರಂಗ ಓಡಾಕಿ ನನ್ನ ಮಗಳಲ್ಲ" ಎಂದು ಮನೆ ಬಿಟ್ಟು ಹೋದಿರಲ್ಲ, ಆ ಮಗಳು ನಿನ್ನೆ ಅಂತಾರಾಷ್ಟ್ರೀಯ ಸೆವೆನ್ಸ್ ರಗ್ಬಿ ಪಂದ್ಯದಲ್ಲಿ ಭಾರತದ ಪರ ಆಡಿದಳು. ಇಲ್ಲಿ ಗಾಂಧಿನಗರದ ನಮ್ಮ ಮನೆಯಲ್ಲಿ ಓಣಿಯವರೆಲ್ಲ ಟಿವಿ ಮುಂದೆ ಸೇರಿದ್ದೆವು.

ಪಾಸ್‌ಪೋರ್ಟ್ ಮಾಡಿಸುವಾಗ ಅವಳ ಇನಿಷಿಯಲ್ ಬಿಡಿಸಿ ಬರೆಯಬೇಕಾಯಿತು. ಅದನ್ನೇ ಮನೆತನದ ಹೆಸರೆಂದು ತಿಳಿದು, ಅವಳ ಅಂಗಿಯ ಬೆನ್ನ ಮೇಲೆ ನಿಮ್ಮ ಹೆಸರು ಹಾಕಿದ್ದರು. ಅವಳು ಚೆಂಡು ಹಿಡಿದು ಓಡಿದಾಗಲೆಲ್ಲ ಕಾಮೆಂಟರಿಯವನು ನಿಮ್ಮನ್ನೇ ಕೂಗುತ್ತಿದ್ದ.

ಪಕ್ಕದ ಮನೆಯ ಊರಮ್ಮ, "ನಂದಿನಿ, ನಿನ್ನ ಗಂಡ ಓಡಾಕತ್ಯಾನ ನೋಡಬೇ!" ಎಂದು ನಕ್ಕಳು.

"ಓಡಿಹೋಗೋದು ಅವ್ರಿಗೆ ಹೊಸದೇನಲ್ಲ ಬಿಡಬೇ" ಎಂದೆ.

ಕೊನೆಯ ನಿಮಿಷದಲ್ಲಿ ಅವಳು ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿ ಅಂಕ ಗಳಿಸಿದಾಗ ಎಲ್ಲರೂ ಆ ಹೆಸರು ಕೂಗಿದರು. ಗಂಡನ ಹೆಸರು ಹೇಳಬಾರದೆಂದು ಮದುವೆಯಾದಾಗಿನಿಂದ ಅದನ್ನು ಬಾಯಿಗೆ ತಂದಿರದ ನಾನೂ ಕೂಗಿದೆ. ಕೂಗಿದ್ದು ಅವಳಿಗಾಗಿ. ಆಮೇಲೆ ಯಾಕೋ ಬಾಗಿಲ ಕಡೆ ನೋಡಿದೆ.

ಇದನ್ನು ಅಂಚೆಗೆ ಹಾಕಬೇಕಾದರೆ ಲಕೋಟೆಯ ಮೇಲೆ ಆ ಹೆಸರು ಬರೆಯಬೇಕು. ನಿಮಗಾಗಿ ಅಷ್ಟು ಮಾಡಲಾರೆ.

ನಂದಿನಿ