ಮೂರನೆಯ ರಿವೆಟ್

೩ ಫೆಬ್ರವರಿ ೧೯೯೭, ಬೆಳಿಗ್ಗೆ ೭.೩೦. ಶಿರಸಿ

ಗಡ್ಡ ಕೆರೆದದ್ದಾಯಿತು. ಪೇಸ್ಟು ಮುಗಿಯುತ್ತ ಬಂದಿದೆ. ಎರಡು ವಾರಕ್ಕೆಂದು ಸಣ್ಣ ಟ್ಯೂಬು ತಂದಿದ್ದೆ. ಇವತ್ತಿಗೆ ಇಪ್ಪತ್ತಾರು ದಿನ.

ಕನ್ನಡಿಯ ಪಕ್ಕದ ಗೋಡೆಯಲ್ಲಿ ಒಂದು ಗೆರೆ. ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದೆ. ಸುಣ್ಣದ್ದು, ಗೋಡೆಯದಲ್ಲ.

ತಂಗಿ ಜಯಾ ಮೆಟ್ಟಿಲ ಬುಡದಿಂದ ಕೂಗಿದಳು. "ಅಣ್ಣ, ಚಾ ಆರ್ತಾ ಇದ್ದು. ಗೋಡೆ ನೋಡ್ತಾ ಕೂತ್ರೆ ಬಿಸಿ ಆಗ್ತಿಲ್ಲೆ."

ಅವಳಿಗೆ ಎಂಟರ ಬಸ್ಸು. ಸಿದ್ದಾಪುರದ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಾಳೆ. ಅವಳು ಹೋದ ಮೇಲೆ ಐದರವರೆಗೆ ಮನೆ ನನ್ನದು. ಕಂಪನಿ ರಜೆ ಕೊಟ್ಟಿದೆ ಎಂದಷ್ಟೇ ಹೇಳಿದ್ದೇನೆ. ಸುಳ್ಳಲ್ಲ. ವಿಚಾರಣೆ ಮುಗಿಯುವವರೆಗೆ ಹ್ಯಾಂಗರಿಗೆ ಬರಬೇಡಿ ಎಂಬುದನ್ನು ರಜೆ ಎಂದೂ ಕರೆಯಬಹುದು.

೫ ಫೆಬ್ರವರಿ

ಒಮ್ಮೆ ಬರೆದಿಡಬೇಕು. ಓದುವವರಿಲ್ಲ. ಆದರೂ.

ಇಪ್ಪತ್ತಮೂರು ವರ್ಷದಿಂದ ಮುಂಬಯಿಯಲ್ಲಿ ನನ್ನ ಕೆಲಸ ವಿಮಾನಗಳಲ್ಲಿ ಬಿರುಕು ಹುಡುಕುವುದು. ಮೇಲೇರಿದಾಗ ವಿಮಾನದ ಮೈ ಉಬ್ಬುತ್ತದೆ. ಇಳಿದಾಗ ಕುಗ್ಗುತ್ತದೆ. ಸಾವಿರಾರು ಸಲ ಹೀಗಾದ ಮೇಲೆ ಎರಡು ತಗಡು ಕೂಡುವಲ್ಲಿ, ಅವನ್ನು ಹಿಡಿದಿಡುವ ರಿವೆಟ್ ಮೊಳೆಯ ತೂತಿನ ಅಂಚಿನಿಂದ, ಬಣ್ಣದ ಕೆಳಗೆ, ಕೂದಲಿನಂಥದೊಂದು ಹೊರಡುತ್ತದೆ. ಕಣ್ಣಿಗೆ ಕಾಣದು. ಅದಕ್ಕೇ ಸರ್ಕಾರದ ಆದೇಶ — ಹಳೆಯ ವಿಮಾನಗಳನ್ನು ಇಂತಿಷ್ಟು ಇಳಿತಕ್ಕೊಮ್ಮೆ ನಿಲ್ಲಿಸಿ ಒಂದೊಂದೇ ರಿವೆಟ್ಟಿನ ಸುತ್ತ ಪ್ರೋಬ್ ಆಡಿಸಲೇಬೇಕು. ಪ್ರೋಬ್ ಎಂದರೆ ಪೆನ್ನಿನಷ್ಟು ದೊಡ್ಡ ಕಡ್ಡಿ. ಬಿರುಕಿದ್ದರೆ ಅದಕ್ಕೆ ಜೋಡಿಸಿದ ಯಂತ್ರದ ಪರದೆಯ ಮೇಲೆ ಹಸಿರು ಚುಕ್ಕೆ ಜಿಗಿಯುತ್ತದೆ. ಕಡ್ಡಿ ಓರೆಯಾದರೂ ಜಿಗಿಯುತ್ತದೆ. ಎರಡರ ವ್ಯತ್ಯಾಸ ತಿಳಿಯಲು ಹತ್ತು ವರ್ಷ ಬೇಕು ಎಂದು ಹೊಸಬರಿಗೆ ಹೇಳುತ್ತ ಬಂದವನು ನಾನು.

ಕಳೆದ ಸೆಪ್ಟೆಂಬರ್ ೧೩, ಶುಕ್ರವಾರ. ಸೋಮವಾರ ಚೌತಿ. ಸಂಜೆ ನಾಲ್ಕರ ಬಸ್ಸಿಗೆ ನನಗೂ ಸಂಜಯನಿಗೂ ಅಕ್ಕಪಕ್ಕದ ಸೀಟು. ಸಂಜಯ ನಮ್ಮ ತೋಟದಲ್ಲಿ ಕೆಲಸಕ್ಕಿದ್ದ ಹುಲಗೋಳದ ಹುಚ್ಚನ ಮಗ. ಐಟಿಐ ಮುಗಿಸಿದವನನ್ನು ಕರೆದೊಯ್ದು ಕೆಲಸ ಕಲಿಸಿದ್ದೆ. ಈಗ ಮೂವತ್ತು. ಪರೀಕ್ಷಿಸಿ ಆಯಿತೆಂದು ಒತ್ತಲು ಸ್ವಂತ ಸ್ಟಾಂಪು. ನನಗಿಂತ ಒಳ್ಳೆಯ ಕೈ.

ಮಧ್ಯಾಹ್ನ ಒಂದೂವರೆಗೆ ಏಣಿಯ ಮೇಲಿಂದ ಕರೆದ. "ಹೆಗಡೇರೆ, ಈ ಮೂರನೇದು ನೋಡಿ. ಓರೆ ಆಗಿದ್ದಲ್ಲ ಅನಸ್ತದೆ."

ಅನುಮಾನ ಎಂದು ಅವನು ಬರೆದರೆ ಎರಡನೆಯ ಪರೀಕ್ಷಕ ಏಣಿ ಹತ್ತಿ ನೋಡಿ ತನ್ನ ಸ್ಟಾಂಪು ಒತ್ತಬೇಕು. ಬಣ್ಣ ತೆಗೆಸಬೇಕು. ಮೂರು ದಿನ. ಬಸ್ಸಿಲ್ಲ. ಚೌತಿ ಇಲ್ಲ.

ಕೆಳಗೆ ನಿಂತೇ ಪರದೆ ನೋಡಿದೆ. "ಅಡ್ಡಿಲ್ಲೆ. ಪ್ರೋಬ್ ಓರೆ ಆಯ್ದು. ಬರ್ದು ಮುಗ್ಸು" ಎಂದೆ. ಅವಸರದಲ್ಲಿ ಮನೆಯ ಮಾತೇ ಬಂದಿತ್ತು. ಪಕ್ಕದಲ್ಲಿ ಕೇರಳದವನೊಬ್ಬ ಕೆಲಸ ಮಾಡುತ್ತಿದ್ದ. ಅವನಿಗೆ ಅರ್ಥವಾಗುವ ಮಾತಲ್ಲ.

ಸಂಜಯ ಒತ್ತಿದ. ಎರಡನೆಯ ಸ್ಟಾಂಪಿನ ಚೌಕ ಖಾಲಿ, ನನ್ನ ಹೆಸರು ಎಲ್ಲೂ ಇಲ್ಲ.

ಮರುದಿನ ಬೆಳಿಗ್ಗೆ ಬಸ್ಸು ಯಲ್ಲಾಪುರದಲ್ಲಿ ಚಾ ಕುಡಿಯಲು ನಿಂತಿತು. ಎದುರಿಗೆ ಎಸ್‌ಟಿಡಿ ಬೂತು ತೆರೆದಿತ್ತು. "ಒಂದು ಫೋನ್ ಮಾಡ್ಲಾ, ಹೆಗಡೇರೆ? ಆ ಮೂರನೇದು…" ಎಂದ. ನಾನು, ಚಾ ಕುಡಿ ಎಂದೆ.

ಡಿಸೆಂಬರಿನಲ್ಲಿ ಬೇರೆ ಊರಿನ ಹ್ಯಾಂಗರಿನವರು ಅದನ್ನು ಪತ್ತೆಹಚ್ಚಿದರು. ಮೂರು ರಿವೆಟ್ಟುಗಳ ಬಿರುಕು ಒಂದಾಗಿ ಅಂಗೈ ಉದ್ದ. ನಡುವೆ ಆ ವಿಮಾನ ಆರುನೂರಕ್ಕೂ ಹೆಚ್ಚು ಸಲ ಹಾರಿ ಇಳಿದಿತ್ತು. ಪ್ರತಿಸಲ ನೂರು ಜನ ಎಂದರೂ…

ಯಾರೂ ಸಾಯಲಿಲ್ಲ. ಇದನ್ನು ದಿನಕ್ಕೆ ಎಷ್ಟು ಸಲ ಹೇಳಿಕೊಳ್ಳುತ್ತೇನೋ.

೯ ಫೆಬ್ರವರಿ, ಭಾನುವಾರ

ಹುಚ್ಚ ಬಂದಿದ್ದ. ಕೈಚೀಲದಲ್ಲಿ ಬನವಾಸಿ ಕಡೆಯ ಎರಡು ಅನಾನಸು. ಅಪ್ಪನ ಕಾಲದಲ್ಲಿ ನಮ್ಮಲ್ಲಿ ಅಡಿಕೆ ಕೊಯ್ಯುತ್ತಿದ್ದವನು. ತೋಟ ಮಾರಿ ಹದಿನೈದು ವರ್ಷ. ಅವನು ಬರುವುದು ನಿಲ್ಲಿಸಲಿಲ್ಲ.

"ಅರಾಮನ, ಹುಚ್ಚ?"

"ಎಂತ ಅರಾಮು, ಹೆಗಡೇರೆ. ನಮ್ಮವ ವಿಮಾನದ ಬಿರುಕು ಕಾಣ್ಲಿಲ್ಲ ಅಂತೆ. ನಂಗೀಗ ಮನೆ ಬಾಗ್ಲೇ ಸರಿ ಕಾಣೂದಿಲ್ಲ. ಆದ್ರೆ ನನ್ನ ಯಾರೂ ವಿಚಾರಣೆ ಮಾಡೂದಿಲ್ಲ."

ಜಯಾ ನಕ್ಕಳು. ಅವನೂ ನಕ್ಕ. ಆಮೇಲೆ ಚಾ ಲೋಟವನ್ನು ತಿರುಗಿಸುತ್ತ ಕುಳಿತ.

"ನೀವು ದೊಡ್ಡೋರು. ಒಂದು ಕಾಗದ ಬರ್ದು ಕೊಡಿ. ಇವ ಒಳ್ಳೆಯವ, ಬೇಕಂತ ಮಾಡಿದ್ದಲ್ಲ ಅಂತ. ಅಂವ ಬಾಯೇ ಬಿಡೂದಿಲ್ಲ. ಕೇಳಿದ್ರೆ, ನಂದೇ ತಪ್ಪು ಅಂತಾನೆ."

ನಾನು ಪೆನ್ನು ಹುಡುಕುತ್ತಿದ್ದೆ.

"ಮರ ಹತ್ತೂಕೆ ಮೊದ್ಲು ನಾ ಕತ್ತಿ ಹಿಡಿಕೇಲಿ ಬುಡಕ್ಕೆ ಬಡ್ದು ಕೇಳ್ತಿದ್ದೆ. ಟೊಳ್ಳಾದ್ರೆ ಸಪ್ಪಳದಲ್ಲೇ ಗೊತ್ತಾಗ್ತದೆ. ಕೆಳಗೆ ನಿಂತೋರು, ಹತ್ತು ಮಾರಾಯ, ಎಂತ ಆಗೂದಿಲ್ಲ ಅಂತಿದ್ರು. ಬೀಳೂದು ಅವ್ರೋ ನಾನೋ? ಸಣ್ಣವಿದ್ದಾಗ ಅವಂಗೂ ಅದನ್ನೇ ಹೇಳ್ಕೊಟ್ಟಿದ್ದೆ. ಎಲ್ಲಿ ಮರ್ತ್ನೋ."

ಬರೆದೆ. ಎಚ್ಚರದ ಕೆಲಸಗಾರ, ಪ್ರಾಮಾಣಿಕ, ಎಂಟು ವರ್ಷದಲ್ಲಿ ಒಂದೂ ದೂರಿಲ್ಲ. ಎಲ್ಲ ವಾಕ್ಯಗಳೂ ನಿಜ. ಎರಡು ಪ್ರತಿ ಬೇಕೆಂದ — ಒಂದು ಮಗನಿಗೆ, ಒಂದು ತನಗೆ. ತನ್ನದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡ. ಅವನಿಗೆ ಓದಲು ಬರುವುದಿಲ್ಲ.

೧೦ ಫೆಬ್ರವರಿ

ಅನಾನಸು ಸಿಹಿಯಾಗಿದೆ ಎಂದು ಜಯಾ ಎರಡು ಸಲ ಹೇಳಿದಳು. ತಿನ್ನಲಾಗಲಿಲ್ಲ.

೨೪ ಫೆಬ್ರವರಿ

ಮುಂಬಯಿಗೆ ಹೋಗಿ ಬಂದೆ. ವಿಚಾರಣೆ ಹತ್ತೊಂಬತ್ತಕ್ಕೆ. ಮೇಜಿನ ಆಚೆ ಮೂವರು. ಈಚೆ ಸಂಜಯ. ಗೋಡೆಗೆ ಒರಗಿದ ಕುರ್ಚಿಯಲ್ಲಿ ನಾನು. ಅವನಿಗೆ ಕಲಿಸಿದವನು ಎಂಬ ಲೆಕ್ಕದಲ್ಲಿ.

ಕೇರಳದವನು, ಇಬ್ಬರೂ ಅವರ ಭಾಷೆಯಲ್ಲಿ ಏನೋ ಮಾತಾಡಿದರು, ತಿಳಿಯಲಿಲ್ಲ ಎಂದ. ನಡುವಿನ ಸಾಹೇಬರು ಸಂಜಯನನ್ನು ಕೇಳಿದರು, ಏನು ಮಾತಾಡಿದಿರಿ?

"ಬಸ್ಸಿನ ಟಿಕೆಟ್ಟಿನ ಬಗ್ಗೆ, ಸರ್."

ಹಿರಿಯರನ್ನು ಯಾರನ್ನಾದರೂ ಕೇಳಿದಿರಾ?

"ಇಲ್ಲ ಸರ್."

ಹೇಳಿ ನನ್ನತ್ತ ತಿರುಗಿ ನೋಡಿದ. ಬಹಳ ಹೊತ್ತು. ಸಾಹೇಬರೂ ನೋಡಿದರು. ಮಿಸ್ಟರ್ ನಾಗಪತಿ ಹೆಗಡೆ, ನಿಮಗೆ ಹೇಳಲು ಏನಾದರೂ ಇದೆಯೇ?

ಒಳ್ಳೆಯ ಕೆಲಸಗಾರ, ಸರ್ — ಎಂದೆ. ಬರೆದುಕೊಂಡರು.

ವಾಪಸು ಬರುವಾಗ ಅವನಿಗೆ ಬೇರೆ ಬಸ್ಸು. ಬೇಕೆಂದೇ ಇರಬೇಕು.

೧೪ ಮಾರ್ಚ್

ರಿಜಿಸ್ಟರ್ಡ್ ಪೋಸ್ಟು. ಸಂಜಯನ ಸ್ಟಾಂಪು ರದ್ದು, ಕೆಲಸದಿಂದ ತೆಗೆದಿದ್ದಾರೆ. ಅವನು ಪರೀಕ್ಷಿಸಿದ್ದ ಎಲ್ಲ ವಿಮಾನಗಳನ್ನೂ ಮತ್ತೆ ನೋಡಿದರಂತೆ. ಬೇರೆ ಎಲ್ಲೂ ದೋಷವಿಲ್ಲ.

ನಾನು ಏಪ್ರಿಲ್ ಏಳಕ್ಕೆ ಹಾಜರಾಗಬೇಕು. ತರಬೇತಿ ವಿಭಾಗಕ್ಕೆ. ಹೊಸಬರಿಗೆ ಇನ್ನೂ ಚೆನ್ನಾಗಿ ಕಲಿಸುವ ಅಗತ್ಯ ಈ ಪ್ರಕರಣದಿಂದ ಕಂಡುಬಂದಿದೆಯಂತೆ.

ಜಯಾ ಕಾಗದ ಓದಿ, "ಸದ್ಯ" ಎಂದಳು. ದೇವರ ಮುಂದೆ ಇಟ್ಟಳು.

೨೩ ಮಾರ್ಚ್

ಯಲ್ಲಾಪುರಕ್ಕೆ ಹೋಗಿದ್ದೆ. ಸಂಜಯನ ಹೆಂಡತಿಯ ಊರು. ಅವನು ಅಲ್ಲಿ ಗೇಟು, ಕಿಟಕಿ ಸರಳು ಮಾಡುವ ಅಂಗಡಿ ಸೇರಿದ್ದಾನೆ. ಕಪ್ಪು ಗಾಜು ಹಿಡಿದು ವೆಲ್ಡಿಂಗ್ ಮಾಡುತ್ತಿದ್ದ. ಮುಗಿಯುವವರೆಗೆ ರಸ್ತೆಯಲ್ಲೇ ನಿಂತೆ. ಬೆಸುಗೆ ಆರಿದ ಮೇಲೆ ಬೆರಳಿನಿಂದ ಸವರಿ ನೋಡಿದ. ಗೇಟಿಗೆ ಅಷ್ಟೆಲ್ಲ ಬೇಕಿಲ್ಲ.

ಅವನ ಹೆಂಡತಿ ರೋಹಿಣಿ ಊಟದ ಡಬ್ಬಿ ತಂದಳು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡಳು. "ಹೆಗಡೇರಿಗೆ ಗೇಟ್ ಬೇಕಾಗಿತ್ತಾ? ಹೆದರ್ಬೇಡಿ, ಗೇಟು ಹಾರೂದಿಲ್ಲ. ಇವ್ರ ಮೇಲೆ ಕೇಸೂ ಆಗೂದಿಲ್ಲ."

"ಸುಮ್ನಿರೆ" ಎಂದ ಅವನು. ಅವಳು ಒಳಗೆ ಹೋದಳು.

ವಿಚಾರಣೆಯಲ್ಲಿ ಯಾಕೆ ಇಲ್ಲವೆಂದೆ, ಎಂದು ಕೇಳಿದೆ. ಕೇಳಲೆಂದೇ ಹೋದದ್ದು.

"ನಿಮ್ಮನ್ನ ಉಳಸೂಕೆ ಅಂದ್ಕಂಡ್ರಾ?" ಕೈ ಒರೆಸಿಕೊಂಡ. "ನಾ ಹೇಳಿದ್ರೆ ಅದು ಚಾಡಿ ಆಗ್ತದೆ. ನೀವೇ ಹೇಳ್ಲಿ ಅಂತ ಜಾಗ ಬಿಟ್ಟೆ. ನಿಮ್ಮನ್ನ ನೋಡ್ದೆ. ನೀವೂ ನೋಡಿದ್ರಿ."

"ಈಗ ಬರೆದು ಹಾಕುತ್ತೇನೆ."

"ಈಗ ಬರೆದ್ರೆ ನಾ ವಿಚಾರಣೇಲಿ ಸುಳ್ಳು ಹೇಳ್ದೆ ಅಂತ ಆಗ್ತದೆ. ಆಗ್ಲಿ ಬಿಡಿ." ಮತ್ತೆ ಗಾಜು ಎತ್ತಿಕೊಂಡ. ಹಿಡಿಯಲಿಲ್ಲ. "ಹೆಗಡೇರೆ, ಉಳಿದವು?"

ಯಾವುದು ಎಂದು ಕೇಳಬೇಕಾಗಿರಲಿಲ್ಲ. ಅವನು ಮುಟ್ಟಿದ ವಿಮಾನಗಳನ್ನು ಮಾತ್ರ ಮತ್ತೆ ನೋಡಿದ್ದಾರೆ. ತಪ್ಪು ಅವನದೆಂದು ಬರೆದ ಮೇಲೆ ಬೇರೆಯವನ್ನು ಯಾಕೆ ನೋಡುತ್ತಾರೆ? ಬೇರೆ ಹುಡುಗರು ಕರೆದು ತೋರಿಸಿದ್ದು, ನಾನು ಕೆಳಗಿನಿಂದಲೇ ಏನಿಲ್ಲ ಎಂದದ್ದು — ಅವು ದಿನಾ ಹಾರುತ್ತಿವೆ. ಒಂದೆರಡಕ್ಕೆ ಸಂಜಯನೇ ಸಾಕ್ಷಿ.

ಬಸ್ಸಿನಲ್ಲಿ ಬೆರಳು ಮಡಿಚಿ ಎಣಿಸಿದೆ. ನಾಲ್ಕು.

೨೫ ಮಾರ್ಚ್

ಜಯಾಳಿಗೆ ಎಲ್ಲ ಹೇಳಿದೆ. ಉತ್ತರಪತ್ರಿಕೆ ತಿದ್ದುತ್ತಿದ್ದಳು. ಕೆಂಪು ಪೆನ್ನು ಮುಚ್ಚಿಟ್ಟಳು.

"ನೀ ಬರದ್ರೆ ಅವಂಗೆ ಕೆಲ್ಸ ವಾಪಸ್ ಸಿಕ್ತಾ?"

"ಇಲ್ಲೆ."

"ನಿಂದೂ ಹೋಗ್ತು."

"ಹೌದು."

"ಹಂಗಾರೆ ಎಂತಕ್ಕೆ?" ಮತ್ತೆ ತಾನೇ ಕೇಳಿದಳು. "ನಾಲ್ಕು ವಿಮಾನ ಅಂದ್ಯಲಾ. ಒಂದ್ರಲ್ಲಿ ಎಷ್ಟು ಜನ ಹಿಡೀತ?"

ಹೇಳಿದೆ. ಗಣಿತದವಳು. ಗುಣಿಸಿರಬೇಕು. ಎದ್ದು ಒಳಗೆ ಹೋದಳು.

೨೭ ಮಾರ್ಚ್

ಫ್ಯಾಕ್ಸ್ ಕಳಿಸಿದೆ. ದೇವಿಕೆರೆಯ ಹತ್ತಿರದ ಬೂತು. ಎರಡು ಪುಟ. ಮೊದಲನೆಯದರಲ್ಲಿ ಸೆಪ್ಟೆಂಬರ್ ೧೩. ಎರಡನೆಯದರಲ್ಲಿ ನಾಲ್ಕು ವಿಮಾನ, ಯಾವ ಸಾಲು, ಎಷ್ಟನೆಯ ರಿವೆಟ್ಟು. ಎಲ್ಲ ನೆನಪಿತ್ತು. ಮರೆತಿದ್ದೇನೆಂದು ನಂಬಿದ್ದೆ.

ಕಾಗದ ಯಂತ್ರದೊಳಗೆ ಇಳಿಯುವಾಗ ಒಮ್ಮೆ ಹಿಡಿದೆಳೆಯಬೇಕೆನಿಸಿತು.

೨೮ ಮಾರ್ಚ್

ಹುಲಗೋಳಕ್ಕೆ ಹೋದೆ. ಬೇರೆಯವರಿಂದ ತಿಳಿಯುವ ಮೊದಲು ಹುಚ್ಚನಿಗೆ ನಾನೇ ಹೇಳಬೇಕಿತ್ತು. ಅವನ ಹೆಂಡತಿ ಸುಬ್ಬಿ ಬೆಲ್ಲ, ನೀರು ಇಟ್ಟಳು. "ಬಿಸ್ಲಲ್ಲಿ ನಡ್ಕಂಡ್ ಬಂದ್ರಾ? ಹೇಳಿ ಕಳ್ಸಿದ್ರೆ ಇವ್ರೇ ಬರ್ತಿದ್ರು."

ಹೇಳಿದೆ. ಸಣ್ಣ ಸಣ್ಣ ವಾಕ್ಯಗಳಲ್ಲಿ. ಹುಚ್ಚ ಎಲೆಯಡಿಕೆಯ ಕವಳ ಅಗಿಯುವುದನ್ನು ನಿಲ್ಲಿಸಿದ್ದ.

"ಹಂಗಾರೆ ಅಂವ ನಿಮ್ಮನ್ನ ಕರ್ದು ತೋರ್ಸಿದ್ನಾ?"

"ತೋರಿಸಿದ."

"ಬಿರುಕು ಅಂತ ಹೇಳಿದ್ನಾ?"

"ಹೇಳಿದ. ಮರುದಿನ ಇನ್ನೊಮ್ಮೆ ಹೇಳಿದ."

ಬೈಯುತ್ತಾನೆ ಎಂದುಕೊಂಡಿದ್ದೆ. ಅದಕ್ಕೆ ತಯಾರಾಗಿ ಹೋಗಿದ್ದೆ. ಅವನು ಒಳಬಾಗಿಲ ಕಡೆ ತಿರುಗಿದ. ಮುಖದಲ್ಲಿ ಎಂಥದೋ ಬೆಳಕು. ಅದನ್ನು ನೋಡಲಾಗಲಿಲ್ಲ.

"ಸುಬ್ಬಿ, ಕೇಳ್ತಾ? ನಮ್ಮವ ಮರ್ತಿರ್ಲಿಲ್ಲ."

ಎದ್ದು ಹೋಗಿ ಜಂತಿಯ ಸಂದಿಯಿಂದ ಪ್ಲಾಸ್ಟಿಕ್ಕಿನ ಪೊಟ್ಟಣ ತೆಗೆದು ತಂದ. ನಾನು ಬರೆದುಕೊಟ್ಟ ಕಾಗದ. ನನ್ನ ಪಕ್ಕದಲ್ಲಿ, ಬೆಲ್ಲದ ತಟ್ಟೆಯ ಹತ್ತಿರ, ಇಟ್ಟ.

"ಇದು ನಿಮ್ದು. ಒಯ್ರಿ."

ಕವಳ ಉಗುಳಲು ಅಂಗಳಕ್ಕಿಳಿದ. ಸುಬ್ಬಿ, ಬಸ್ಸು ಮೂರಕ್ಕೆ ಎಂದಳು.

೩ ಏಪ್ರಿಲ್

ಸಂಜೆ ಆರಕ್ಕೆ ಮುಂಬಯಿಯಿಂದ ಫೋನು. ನಡುವಿನ ಸಾಹೇಬರೇ. ನಾಲ್ಕೂ ವಿಮಾನಗಳನ್ನು ನಿಲ್ಲಿಸಿ ಬಣ್ಣ ತೆಗೆಸಿದರಂತೆ. ಮೂರರಲ್ಲಿ ಏನೂ ಇಲ್ಲ. ಒಂದರಲ್ಲಿ ಇತ್ತು. ಕಿರುಬೆರಳಿನಷ್ಟು.

ಹೇಳಿದ್ದು ಒಳ್ಳೆಯದಾಯಿತು ಎಂದರು. ನನ್ನ ಸ್ಟಾಂಪು ರದ್ದು. ಏಳಕ್ಕೆ ಬರುವುದು ಬೇಡ. ಇದು ಗೊತ್ತಿತ್ತು.

ಸಂಜಯನ ವಿಷಯ ಎತ್ತಿದೆ. ಅವನು ಕಂಡದ್ದು ಸರಿ ಎಂದಾಯಿತಲ್ಲ, ಸರ್?

ಅವರು ಒಪ್ಪಿದರು. ಕಣ್ಣು ಸರಿಯೇ. ಆದರೆ ವಿಚಾರಣೆಯಲ್ಲಿ, ಯಾರನ್ನೂ ಕೇಳಲಿಲ್ಲ ಎಂದು ಸಹಿ ಮಾಡಿದ್ದಾನೆ. ಸುಳ್ಳು ಹೇಳಿಕೆ. ಇನ್ನು ಯಾವ ಕಂಪನಿಯಲ್ಲೂ ಅವನಿಗೆ ಸ್ಟಾಂಪು ಸಿಗದು. ಮೊದಲಾದರೆ ಎರಡು ವರ್ಷ ಬಿಟ್ಟು ಮತ್ತೆ ಪರೀಕ್ಷೆ ಕಟ್ಟಬಹುದಿತ್ತು.

ಮೊದಲು ಎಂದರೆ ನನ್ನ ಫ್ಯಾಕ್ಸಿಗಿಂತ ಮೊದಲು.

ಫೋನಿಟ್ಟ ಮೇಲೆ ಜಯಾ ಏನೆಂದು ಕೇಳಿದಳು. ಒಂದು ಸಿಕ್ಕಿತು ಎಂದೆ. ಅವಳು ಹೋಗಿ ದೇವರ ಮುಂದೆ ಇಟ್ಟಿದ್ದ ಕಾಗದ ತೆಗೆದಳು.

೪ ಏಪ್ರಿಲ್, ಬೆಳಿಗ್ಗೆ ೧೦.೦೫. ಶಿರಸಿ ಬಸ್‌ಸ್ಟ್ಯಾಂಡ್

ಯಲ್ಲಾಪುರದ ಬಸ್ಸು ಹತ್ತೂ ಕಾಲಕ್ಕೆ. ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಪಕ್ಕದಲ್ಲಿ ದಾಸನಕೊಪ್ಪದ ಕಡೆಯ ಮುದುಕಿ. "ಎತ್ತಾಗ ಹೊಂಟೀರಿ? ಚೀಲ ಆಕಡೆ ಇಡ್ರಿ, ಕುಂದರ್ತೀನಿ" ಎಂದು ಒತ್ತಿ ಕುಳಿತಿದ್ದಾಳೆ.

ಅಂಗಡಿಗೆ ಹೋಗಿ ಹೇಳಬೇಕಾದ್ದು ಎರಡೇ. ಉಳಿದ ನಾಲ್ಕರಲ್ಲಿ ಒಂದು ಸಿಕ್ಕಿತು, ಅವನು ಕೇಳದಿದ್ದರೆ ಸಿಗುತ್ತಿರಲಿಲ್ಲ. ಇನ್ನೊಂದು, ಇನ್ನೆಂದೂ ಅವನ ಕೈಗೆ ಪ್ರೋಬ್ ಬರುವುದಿಲ್ಲ. ಮೊದಲನೆಯದನ್ನು ಮೊದಲು ಹೇಳಿದರೆ ನಗುತ್ತಾನೆ. ಅವನು ಹೇಗೆ ನಗುತ್ತಾನೆಂದು ನನಗೆ ಗೊತ್ತು. ಆ ನಗು ಇನ್ನೂ ಮುಖದ ಮೇಲಿರುವಾಗಲೇ ಎರಡನೆಯದನ್ನು…

ಎರಡನೆಯದನ್ನೇ ಮೊದಲು ಹೇಳುವುದು ಲೇಸು. ಅವನು ಗಾಜು ಕೆಳಗಿಡುತ್ತಾನೆ. ಆಗ ನಾನು, ಸಂಜಯ, ನಿನ್ನ ಕಣ್ಣು ಸರಿ ಇತ್ತು ಮಾರಾಯ ಎಂದು… ಬಸ್ಸು ಬಂತು.