ಡ್ರೈಯರ್ ಮೇಲಿನ ಕುಂಕುಮ

ನವೆಂಬರ್ 6, ಗುರುವಾರ

ಕಂಪ್ಲಿ. ಕೊಟ್ರಯ್ಯ ಸಾಹುಕಾರರ ರೈಸ್ ಮಿಲ್. ಭತ್ತ ಒಣಗಿಸುವ ಡ್ರೈಯರ್‌ಗೆ ಹೊಸ ಕಂಟ್ರೋಲ್ ಬಾಕ್ಸ್ ಕೂರಿಸಿದೆ. ಹಳೆಯದು ಎಲ್ಲವನ್ನೂ ಕ್ಲೌಡ್‌ಗೆ ಕಳಿಸಿ, ಅಲ್ಲಿಂದ ಅಪ್ಪಣೆ ಬಂದಮೇಲೆ ಬಿಸಿಗಾಳಿ ನಿಲ್ಲಿಸುತ್ತಿತ್ತು. ಹೊಸದು ತಾನೇ ನಿರ್ಧರಿಸುತ್ತದೆ, ನೆಟ್ ಇರದಿದ್ದರೂ. ಸಾಹುಕಾರರ ಮುಂದೆ ಭಾಷಣವನ್ನೇ ಬಿಗಿದೆ.

ಡ್ರೈಯರ್ ನೋಡಿಕೊಳ್ಳುವವರು ಹೊಳೆಮ್ಮ. ಇಪ್ಪತ್ತು ವರ್ಷದಿಂದ ಕಾಳು ಕಚ್ಚಿ ನೋಡಿ ‘ಸಾಕು’ ಅನ್ನುವವರು. ಇನ್ನು ಸ್ವಿಚ್ ಮುಟ್ಟಲೇಬಾರದು ಎಂದು ಜೋರಾಗಿಯೇ ಹೇಳಿದೆ.

ಟೆಸ್ಟ್‌ಗೆಂದು ಹಳೆಯದರಂತೆ ಕ್ಲೌಡ್ ಮೋಡ್‌ನಲ್ಲಿ ಓಡಿಸಿದೆ. ಅಷ್ಟರಲ್ಲಿ ಹಂಪಿಯ ಗೆಸ್ಟ್‌ಹೌಸಿನಿಂದ ಫೋನು, ಕ್ಯಾಮೆರಾ ಕೆಟ್ಟಿದೆಯಂತೆ. ಓಡಿದೆ.

ನವೆಂಬರ್ 8, ಶನಿವಾರ

ನಿನ್ನೆ ಡ್ರೈಯರ್ ಹೊತ್ತಿಗೆ ಸರಿಯಾಗಿ ನಿಂತಿಲ್ಲ. ಭತ್ತ ಅತಿಯಾಗಿ ಒಣಗಿ ಬಿರುಕು ಬಿಟ್ಟಿದೆ. ಮಿಲ್ ಮಾಡಿದರೆ ಬರೀ ನುಚ್ಚು.

ತೇವ ಅಳೆಯುವ ಸೆನ್ಸರ್ ಮೇಲೆ ಕುಂಕುಮ ಕಂಡಿತು. ಹೊಳೆಮ್ಮನ ಶುಕ್ರವಾರದ ಪೂಜೆ. ಇದೇ ಕಾರಣ ಅಂದುಬಿಟ್ಟೆ. ಪರೀಕ್ಷಿಸಲೂ ಇಲ್ಲ.

“ಕಾಳು ಕಚ್ಚಿದಾಗನ ಗೊತ್ತಾಗಿತ್ರಿ. ನೀವು ಮುಟ್ಟಬ್ಯಾಡ ಅಂದಿದ್ರಲ್ರಿ,” ಅಂದರು ಹೊಳೆಮ್ಮ. ಆಮೇಲೆ ತಪ್ಪು ತಮ್ಮದೇ ಎಂದು ಒಪ್ಪಿಕೊಂಡರು. ಸಾಹುಕಾರರು ಅವರನ್ನು ಕಸ ಗುಡಿಸಲು ಹಾಕಿದರು. ನಾನು ಚಹಾ ಕುಡಿದು ಹೊಸಪೇಟೆಗೆ ಬಂದೆ.

ನವೆಂಬರ್ 9, ಬೆಳಿಗ್ಗೆ 8

ಹೊಸಪೇಟೆಯಲ್ಲೇ ಕೂತು ನೆಟ್ ಮೂಲಕ ಬಾಕ್ಸಿನ ಲಾಗ್ ತೆಗೆದೆ. ಹೊಸ ಬಾಕ್ಸ್ ಎಲ್ಲವನ್ನೂ ತನ್ನೊಳಗೇ ಬರೆದಿಟ್ಟುಕೊಳ್ಳುತ್ತದೆ.

ಶುಕ್ರವಾರ ಸಂಜೆ 4:10 — ಭತ್ತ ಒಣಗಿದೆ. ನೆಟ್ ಇಲ್ಲ. ಅಪ್ಪಣೆಗೆ ಕಾಯಲಾಗುತ್ತಿದೆ.

5:45ಕ್ಕೆ ನೆಟ್ ಬರುವವರೆಗೂ ಅದೇ ಸಾಲು.

ಸೆನ್ಸರ್‌ಗೆ ಏನೂ ಆಗಿರಲಿಲ್ಲ. ಮೋಡ್ ಬದಲಿಸಲು ಮರೆತವನು ನಾನು. ಬಾಕ್ಸಿಗೂ ಗೊತ್ತಿತ್ತು, ಹೊಳೆಮ್ಮನಿಗೂ ಗೊತ್ತಿತ್ತು. ಇಬ್ಬರ ಕೈಯನ್ನೂ ಕಟ್ಟಿಹಾಕಿ ಹೋಗಿದ್ದೆ… ಥೂ.

ಇಲ್ಲಿಂದಲೇ ಮೋಡ್ ಬದಲಿಸಿದೆ. ಯಾರಿಗೂ ಹೇಳಲಿಲ್ಲ.

ನವೆಂಬರ್ 14, ಶುಕ್ರವಾರ, 11:30

ನಾಲ್ಕು ದಿನ ಬರೆಯಲಿಲ್ಲ. ಆಫೀಸಿನ ರಿಪೋರ್ಟಿನಲ್ಲೂ ‘ಕುಂಕುಮ’ ಎಂದೇ ತುಂಬಿದ್ದೇನೆ. ನಾಚಿಕೆಗೇಡು.

ಮತ್ತೆ ಕಂಪ್ಲಿ. ಮಿಲ್ಲಿನ ಕಟ್ಟೆಯ ಮೇಲೆ ಕೂತಿದ್ದೇನೆ. ಲಾಗ್ ಪ್ರಿಂಟ್ ತಂದಿದ್ದೇನೆ. ಸಾಹುಕಾರರು ಒಳಗಿದ್ದಾರೆ. ನಾನು ಹೊರಗೆ ಇದನ್ನು ಬರೆಯುತ್ತಿದ್ದೇನೆ.

ಹೊಳೆಮ್ಮ ಪೊರಕೆ ಹಿಡಿದು ಬಂದರು. ಡ್ರೈಯರಿನಿಂದ ನಾಲ್ಕು ಮಾರು ದೂರದ ಕಂಬಕ್ಕೆ ಇವತ್ತಿನ ಕುಂಕುಮ. ನನ್ನನ್ನು ಕಂಡದ್ದೇ ತಡ, “ಮಿಷನ್ ಮುಟ್ಟಿಲ್ರಿ ಸರ. ದೂರದಿಂದನ ಕೈ ಮುಗದೀನಿ,” ಅಂದರು.

ಒಳಗೆ ಬನ್ನಿ, ಸಾಹುಕಾರರ ಮುಂದೆ ಒಂದು ಮಾತು ಹೇಳಬೇಕು ಅಂದೆ. ಅವರ ಮುಖ ಸಣ್ಣಗಾಯಿತು. ಪೊರಕೆ ಗೋಡೆಗೆ ಒರಗಿಸಿ, ಸೆರಗು ಹೊದ್ದು ಮುಂದೆ ನಿಂತಿದ್ದಾರೆ. ನಾನಿನ್ನೂ ಬರೆಯುತ್ತಲೇ ಇದ್ದೇನೆ.

“ಮತ್ತ ನನ್ನಿಂದ ಏನರ ತಪ್ಪಾತೇನ್ರಿ ಸರ?”

ಇಲ್ಲ, ಹೊಳೆಮ್ಮ. ತಪ್ಪು ನನ್ನ—