ಖಡಕ್ ರೊಟ್ಟಿ ಮತ್ತು ಎರಡು ಏಟು

ನೌಬಾದ, ಬೀದರ
೧೦ ಜನವರಿ ೨೦೨೫, ಶುಕ್ರವಾರ

ಪ್ರೀತಿಯ ಆಯಿ,

ನಿಮ್ಮ ಸೊಸೆ ಮುಕ್ತಾಳ ನಮಸ್ಕಾರಗಳು. ಜೈಲಿನಲ್ಲಿರುವ ಅತ್ತೆಗೆ ‘ಪ್ರೀತಿಯ’ ಎಂದು ಬರೆಯುವ ಸೊಸೆ ಇಡೀ ನೌಬಾದದಲ್ಲಿ ನಾನೊಬ್ಬಳೇ ಇರಬೇಕು. ಆದರೆ ಪೆನ್ನು ಹಿಡಿದಾಗ ಬೇರೆ ಶಬ್ದ ಬರಲಿಲ್ಲ. ತಲೆಯ ಗಾಯ ಹೇಗಿದೆ? ಹೊಲಿಗೆ ಬಿಚ್ಚಿದರೇ? ಅಲ್ಲಿ ನೆಲದ ಮೇಲೆ ಮಲಗಿ ನಿಮ್ಮ ಮೊಣಕಾಲು ಇನ್ನಷ್ಟು ಹಿಡಿದುಕೊಂಡಿರುತ್ತದೆ, ನನಗೆ ಗೊತ್ತು. ಗೇಟಿನಲ್ಲಿ ಕೊಟ್ಟು ಬಂದ ಕೌದಿ ಕೈ ಸೇರಿತೋ ಇಲ್ಲವೋ ತಿಳಿಸಿ. ಎರಡು ಸಲ ಭೇಟಿಗೆ ಬಂದೆ, ಎರಡು ಸಲವೂ ನೀವು ಹೊರಗೆ ಬರಲು ಒಲ್ಲೆ ಎಂದಿರಿ. ‘ಆಕೀಗಿ ಬರಬ್ಯಾಡ ಅನ್ರಿ. ಬಂದು ಬಾಯಿ ಬಿಟ್ಟಳಂದ್ರ ನಾ ಆಕೀನ ಜೋಡಿ ಜಲ್ಮದಾಗ ಮಾತಾಡಂಗಿಲ್ಲ’ ಎಂದು ಅಜರ ವಕೀಲರ ಹತ್ತಿರ ಹೇಳಿ ಕಳಿಸಿದಿರಂತೆ. ಸರಿ, ಬಾಯಿ ಬಿಡುವುದಿಲ್ಲ. ಬರೆಯುತ್ತೇನೆ. ಪತ್ರವನ್ನು ಮೊದಲು ಅಲ್ಲಿಯವರು ಓದುತ್ತಾರಂತೆ, ಓದಲಿ.

ನೀವು ಕೇಳಿದ್ದು ಒಂದೇ ಮಾತು ಎಂದು ವಕೀಲರು ಹೇಳಿದರು. ‘ಉಳದಾನೇನು?’ ಅಂತ. ಉಳಿದಿದ್ದಾನೆ ಆಯಿ. ನಿಮ್ಮ ಮಗ ಬದುಕಿದ್ದಾನೆ. ದವಡೆಗೆ ತಂತಿ ಕಟ್ಟಿದ್ದಾರೆ, ಭಾಲ್ಕಿಯಲ್ಲಿ ವಿಶ್ವಾಸ ಕಾಕಾನ ಮನೆಯಲ್ಲಿ ಮಲಗಿ ನಳಿಕೆಯಿಂದ ಗಂಜಿ ಹೀರುತ್ತಿದ್ದಾನೆ. ನಾಲ್ಕು ವರ್ಷ ‘ಇವರು’, ‘ಅವರು’ ಎನ್ನುತ್ತಿದ್ದೆ, ಇನ್ನು ಮುಂದೆ ನನ್ನಿಂದ ಆಗುವುದಿಲ್ಲ, ಆಶೀಷ ಎಂದೇ ಬರೆಯುತ್ತೇನೆ, ಸಿಟ್ಟಾಗಬೇಡಿ. ನನಗೆ ನಗು ಬಂದದ್ದು ಬೇರೆ ವಿಷಯಕ್ಕೆ. ದಿನಾ ಬೆಳಿಗ್ಗೆ ಡಬ್ಬಿಗಳ ಮುಚ್ಚಳ ತೆಗೆಯುತ್ತ ನೀವು ‘ಏನ ಉಳದದ ನೋಡು ಮುಕ್ತಾ’ ಎಂದು ಕೇಳುತ್ತಿದ್ದ ಧಾಟಿಯಲ್ಲೇ ಮಗನನ್ನೂ ಕೇಳಿದ್ದೀರಿ. ನಕ್ಕು ಮುಗಿಸುವಷ್ಟರಲ್ಲಿ ಅಳು ಬಂತು. ಎಷ್ಟಾದರೂ ಹೆತ್ತವರು ನೀವು.

ನನ್ನ ಎಡಗೈಗೆ ಇನ್ನೂ ಪಟ್ಟಿ ಇದೆ. ಅಂಗೈಯ ಚರ್ಮ ಪೂರ್ತಿ ಕಿತ್ತು ಬಂದಿದೆ, ಬೆರಳು ಮಡಚಲು ಬರುವುದಿಲ್ಲ. ರೊಟ್ಟಿ ಬಡಿಯಲು ಎರಡೂ ಕೈ ಬೇಕಲ್ಲ, ಹಾಗಾಗಿ ಎಳ್ಳಮಾಸಿ ಹಬ್ಬಕ್ಕೆ ನೀವು ಬಡಿದು ಬುಟ್ಟಿಯಲ್ಲಿ ಇಟ್ಟಿದ್ದ ಖಡಕ್ ರೊಟ್ಟಿಯಲ್ಲೇ ದಿನ ದೂಡುತ್ತಿದ್ದೇನೆ. ನಿಮ್ಮ ಕೈಯ ರೊಟ್ಟಿ ನೀವಿಲ್ಲದ ಮನೆಯಲ್ಲಿ ನನ್ನನ್ನು ಸಾಕುತ್ತಿದೆ. ಮೊದಲ ಎರಡು ದಿನ ಏನೂ ತಿನ್ನಲಿಲ್ಲ. ಮೂರನೆಯ ದಿನ ಎದುರು ಮನೆಯ ಹಾಜಿರಾಬೀ ಖಾಲಾ ಬಂದು ಬುಟ್ಟಿ ಎಳೆದು ನನ್ನ ಮುಂದೆ ಇಟ್ಟು ‘ಅಳೂದ ಆಮ್ಯಾಲ ಬೇಟಿ, ಮೊದ್ಲ ಉಣ್ಣು. ಖಾಲಿ ಹೊಟ್ಟಿಲಿ ಯಾರ ಜೋಡಿನೂ ಜಗಳಾ ಆಗಂಗಿಲ್ಲ’ ಎಂದರು. ಅವರೇ ರೊಟ್ಟಿಯನ್ನು ಒಡೆದು ಪುಡಿ ಮಾಡಿ ಬೆಲ್ಲ, ಒಂದು ಚಮಚ ತುಪ್ಪ ಹಾಕಿ ಮಲೀದಾ ಕಲಸಿ ಬಾಯಿಗೆ ತುರುಕಿದರು. ಆಮೇಲೆ ನಾನೇ ಶುರು ಮಾಡಿದೆ.

ತೊಗರಿ ಬೇಳೆ ಬೇಯಿಸಿ ಕಟ್ಟು ಬಸಿದು, ಬೆಳ್ಳುಳ್ಳಿ ಜಜ್ಜಿ ಹಾಕಿ, ಹುಣಸೆಹುಳಿ ಹಿಂಡಿ, ಅದರಲ್ಲಿ ರೊಟ್ಟಿ ಮುರಿದು ನೆನೆಸುತ್ತೇನೆ. ಬಸಿದ ಬೇಳೆ ಮರುದಿನ ಮೆಂತ್ಯ ಸೊಪ್ಪಿನ ಜೊತೆ ಪಲ್ಯ. ಸೊಪ್ಪಿನ ಎಳೆ ದಂಟನ್ನೂ ನೀವು ಹೇಳಿಕೊಟ್ಟಂತೆ ಸಣ್ಣಗೆ ಹೆಚ್ಚಿ ಕಡಲೆ ಹಿಟ್ಟಿಗೆ ಸೇರಿಸಿದೆ. ಡಬ್ಬಿಗಳ ತಳದಲ್ಲಿ ಒಂದು ಹಿಡಿ ಹೆಸರು, ಅರ್ಧ ಹಿಡಿ ಮಡಕಿ, ನಾಲ್ಕು ಕಾಳು ಅಲಸಂದಿ ಉಳಿದಿದ್ದವು, ಎಲ್ಲ ಕೂಡಿಸಿ ನೆನೆಹಾಕಿ ಉಸಳಿ ಮಾಡಿದೆ. ಹೀರೇಕಾಯಿ ಸಿಪ್ಪೆಯ ಚಟ್ನಿ ಮಾತ್ರ ಕೆಟ್ಟಿತು. ಕುಟ್ಟಲು ಖಲಬತ್ತ ಇಲ್ಲವಲ್ಲ, ಪೊಲೀಸರು ಒಯ್ದಿದ್ದಾರೆ. ಒಳಗೆ ಅರ್ಧ ಕುಟ್ಟಿದ್ದ ಶೇಂಗಾ ಹಿಂಡಿಯ ಖಾರದ ಪುಡಿ ಸಮೇತ ಒಯ್ದರು. ಕೆಂಪಗಿದೆ ಎಂದು ಒಬ್ಬ ಪೇದೆ ಮೂಸಿ ನೋಡಿ ಹತ್ತು ನಿಮಿಷ ಸೀನಿದ. ಹಂಚನ್ನು ಬಿಟ್ಟು ಹೋಗಿದ್ದಾರೆ, ಆದರೆ ಅದನ್ನು ಒಲೆಗೆ ಇಡಲು ನನಗೇ ಧೈರ್ಯವಿಲ್ಲ. ಕಾದ ಕಬ್ಬಿಣದ ವಾಸನೆ ಬಂದರೆ ನನ್ನದೇ ಚರ್ಮದ ವಾಸನೆ ಬರುತ್ತದೆ. ಬೋಗುಣಿಯಲ್ಲಿ ಆಗುವಷ್ಟೇ ಅಡುಗೆ ಮಾಡುತ್ತೇನೆ. ಒಬ್ಬಳಿಗೆ ಎಂದು ಎಷ್ಟು ಕಡಿಮೆ ಮಾಡಿದರೂ ಉಳಿಯುತ್ತದೆ ಆಯಿ, ಉಳಿದದ್ದರಲ್ಲಿ ಮತ್ತೊಂದು ಮಾಡಿದರೆ ಅದೂ ಉಳಿಯುತ್ತದೆ.

ಈ ಊಟಕ್ಕೇ ಅಲ್ಲವೇ ಇಷ್ಟೆಲ್ಲ ಆದದ್ದು. ಎಳ್ಳಮಾಸಿಗೆ ನನ್ನ ತವರು ಸಂತಪುರದ ಹೊಲದಲ್ಲಿ ಉಂಡು, ಮಿಕ್ಕ ಕಾಳು-ಸೊಪ್ಪಿನ ಭಜ್ಜಿ, ಸಜ್ಜೆ ರೊಟ್ಟಿ ಕಟ್ಟಿಕೊಂಡು ಬಂದಿದ್ದೆವು. ಮರುದಿನದ ಭಜ್ಜಿಗೇ ಹೆಚ್ಚು ರುಚಿ ಎಂದು ಈ ಸೀಮೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಮರುದಿನ ಮಧ್ಯಾಹ್ನ ಆಶೀಷ ಗಾಂಧಿ ಗಂಜ್ ಮಾರುಕಟ್ಟೆಯ ಅಂಗಡಿಯ ಕೆಲಸದಿಂದ ಬಂದ. ಅಲ್ಲಿ ಸೇಠಜಿ ಎಲ್ಲರ ಮುಂದೆ ಬೈದಿದ್ದರಂತೆ, ಆ ಸಿಟ್ಟನ್ನು ಹೊತ್ತುಕೊಂಡೇ ಬಂದಿದ್ದ. ತಾಟಿನಲ್ಲಿ ಭಜ್ಜಿ ನೋಡಿದವನೇ ‘ಭಿಕ್ಷಾ ಬೇಡವ್ರ ಕೂಳ ನನಗ ಹಾಕ್ತೀಯೇನ? ಬಿಸಿದು ಮಾಡಲಿಕ್ಕ ಏನಾಗ್ಯದ ನಿನಗ?’ ಎಂದು ತಾಟಿಗೆ ಒದ್ದ. ಭಜ್ಜಿ ಗೋಡೆಗೆ ಹಾರಿತು. ರೊಟ್ಟಿ ಬಿಸಿ ಮಾಡಲು ಇಟ್ಟಿದ್ದ ಹಂಚು ಒಲೆಯ ಮೇಲಿತ್ತು. ನನ್ನ ಮಣಿಕಟ್ಟು ಹಿಡಿದು ಎಳೆದು ಅಂಗೈಯನ್ನು ಹಂಚಿಗೆ ಒತ್ತಿದ. ‘ಬಿಸಿ ಅಂದ್ರ ಹಿಂಗಿರತದ, ನೋಡ್ಕೋ’ ಎಂದ. ನಾನು ಕಿರುಚಿದ್ದು ನನಗೆ ಕೇಳಿಸಲಿಲ್ಲ. ನೀವು ‘ಬಿಡೋ ಭಾಡ್ಯಾ’ ಎಂದದ್ದು ಕೇಳಿಸಿತು. ಎರಡು ಸಲ ಹೇಳಿದಿರಿ. ಮೂರನೆಯ ಸಲ ಮಾತಿರಲಿಲ್ಲ, ಹಿಂಡಿ ಕುಟ್ಟುತ್ತಿದ್ದ ಕಬ್ಬಿಣದ ಬತ್ತಾ ಅವನ ಭುಜದ ಮೇಲೆ ಬಿತ್ತು.

ಅದು ಮೊದಲನೆಯ ಏಟು, ಅದು ನಿಮ್ಮದು. ಅವನು ನನ್ನ ಕೈ ಬಿಟ್ಟ. ಬಿಟ್ಟವನು ತಿರುಗಿ ನಿಮ್ಮ ತುರುಬು ಹಿಡಿದು, ಹೆತ್ತ ತಾಯಿಯ ತಲೆಯನ್ನು ಬಾಗಿಲ ಚೌಕಟ್ಟಿಗೆ ಅಪ್ಪಳಿಸಿದ. ಒಂದು ಸಲ ಅಲ್ಲ. ನಿಮ್ಮ ಹಣೆಯಿಂದ ರಕ್ತ ಕಣ್ಣಿಗೆ ಇಳಿಯಿತು, ಬತ್ತಾ ನಿಮ್ಮ ಕೈಯಿಂದ ಜಾರಿ ಉರುಳಿ ನನ್ನ ಕಾಲಿನ ಹತ್ತಿರ ಬಂತು. ಬಲಗೈಯಲ್ಲಿ ಎತ್ತಿಕೊಂಡೆ. ಎತ್ತಿ ದವಡೆಗೆ ಬಾರಿಸಿದೆ. ಖಡಕ್ ರೊಟ್ಟಿ ಮುರಿದಂಥ ಸದ್ದು. ಎರಡನೆಯದು ನನ್ನದು ಆಯಿ, ಓದುವ ಸಾಹೇಬರೂ ಈ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಲಿ. ನನಗೆ ಒಂದಿಷ್ಟೂ ಪಶ್ಚಾತ್ತಾಪವಿಲ್ಲ. ಹೊಡೆಯದಿದ್ದರೆ ಇವತ್ತು ಈ ಪತ್ರ ಬರೆಯಲು ನನಗೆ ಅತ್ತೆ ಇರುತ್ತಿರಲಿಲ್ಲ.

ಆಮೇಲೆ ನೀವು ಮಾಡಿದ್ದೇ ನನಗೆ ಸಹಿಸಲು ಆಗುತ್ತಿಲ್ಲ. ನೆಲದ ಮೇಲೆ ಮಗ ನರಳುತ್ತಿದ್ದಾನೆ, ನಿಮ್ಮ ಮುಖದ ತುಂಬ ರಕ್ತ, ಆದರೂ ಎದ್ದು ಬಂದು ನನ್ನ ಕೈಯಿಂದ ಬತ್ತಾ ಕಿತ್ತುಕೊಂಡು ಸೆರಗಿನಲ್ಲಿ ಒರೆಸಿ ಹಿಡಿದಿರಿ. ‘ಬಾಯಿ ಮುಚ್ಚು. ಎರಡೂ ನಂದ. ನೀ ಕೈಗಿ ನೀರ ಹಾಕ್ಕೋ’ ಎಂದಿರಿ. ಠಾಣೆಯಲ್ಲೂ ಅದೇ ಮಾತು. ‘ಎರಡೂ ನಾನೇ ಹೊಡದೇನ್ರಿ ಸಾಹೇಬ್ರ, ಮೂರನೇದೂ ಹೊಡೀತಿದ್ದೆ, ಕೈ ಸೋತ್ವು.’ ಕೊಲ್ಲಬೇಕೆಂದೇ ಹೊಡೆದೆಯಾ ಎಂದು ಕೇಳಿದರೆ ‘ಹೌದ್ರಿ’ ಎಂದಿರಿ. ಆ ಒಂದು ‘ಹೌದ್ರಿ’ಗಾಗಿ ಅಜರ ವಕೀಲರು ತಲೆ ತಲೆ ಚಚ್ಚಿಕೊಳ್ಳುತ್ತಿದ್ದಾರೆ. ಜೀಪು ಹತ್ತುವಾಗ ನೀವು ನನ್ನ ಕಿವಿಯಲ್ಲಿ ‘ಇವನ ಅಪ್ಪಗ ಹೊಡೀಬೇಕಾಗಿತ್ತು, ತಡಾ ಆತು’ ಎಂದಿರಲ್ಲ, ಆಗ ನನಗೆ ಎಲ್ಲ ತಿಳಿಯಿತು. ಜೋಳದ ಕೋಣೆಗೆ ಬೀಗ ಹಾಕಿ ಕೀಲಿಕೈಯನ್ನು ಉಡಿದಾರಕ್ಕೆ ಕಟ್ಟಿಕೊಳ್ಳುತ್ತಿದ್ದ ಮಾವ ಭಾಲಚಂದ್ರರು ತೀರಿಕೊಂಡು ಆರು ವರ್ಷವಾಯಿತು, ಅವರ ಕೈಯ ಗುರುತು ನಿಮ್ಮ ಬೆನ್ನಿನ ಮೇಲೆ ಇನ್ನೂ ಇದೆ. ಉಳಿದದ್ದರಲ್ಲಿ ಅಡುಗೆ ಮಾಡುವುದನ್ನು ನೀವು ಆ ಬೀಗದ ಹೊರಗೆ ನಿಂತು ಕಲಿತದ್ದು. ಆ ಸಿಟ್ಟು ನಿಮ್ಮದು, ಅದನ್ನು ನಾನು ಕಸಿದುಕೊಳ್ಳುವುದಿಲ್ಲ. ನನ್ನ ಸಿಟ್ಟನ್ನು ನೀವು ಯಾಕೆ ಕಸಿದುಕೊಂಡಿರಿ?

ಆಶೀಷನಿಗೆ ಯಾರು ಹೊಡೆದದ್ದು ಎಂದು ಚೆನ್ನಾಗಿ ಗೊತ್ತು. ಎದುರೇ ನೋಡಿದ್ದಾನೆ. ಆದರೆ ಹೆಂಡತಿಯ ಕೈಯಿಂದ ದವಡೆ ಮುರಿಸಿಕೊಂಡೆ ಎಂದರೆ ಗಂಜಿನ ಹಮಾಲರೂ ನಗುತ್ತಾರೆ, ತಾಯಿ ಹೊಡೆದಳು ಎಂದರೆ ಮಾನ ಉಳಿಯುತ್ತದೆ. ಹಾಗಾಗಿ ಅವನೂ ‘ಎರಡೂ ಅವ್ವನೇ’ ಎಂದು ಬರೆದು ತೋರಿಸಿದ್ದಾನೆ. ಅವನ ನಾಚಿಕೆ, ನಿಮ್ಮ ಮಮತೆ ಎರಡೂ ಕೂಡಿಕೊಂಡು ಒಂದೇ ಸುಳ್ಳು ಹೇಳುತ್ತಿವೆ. ನನ್ನನ್ನು ಯಾರೂ ಕೇಳುವುದೇ ಇಲ್ಲ. ದವಾಖಾನೆಯಲ್ಲಿ ಕೈಗೆ ಪಟ್ಟಿ ಕಟ್ಟುವಾಗ ವಿಶ್ವಾಸ ಕಾಕಾ ಮುಂದೆ ಬಂದು ‘ಅಡಗಿ ಮಾಡೂ ಮುಂದ ಸುಟ್ಟದರಿ’ ಎಂದರು, ಡಾಕ್ಟರರು ಹಾಗೇ ಬರೆದುಕೊಂಡರು.

ಬುಧವಾರ ಅದೇ ಕಾಕಾ ಮನೆಗೆ ಬಂದಿದ್ದರು. ಹೊರಸಿನ ಮೇಲೆ ಕಾಲು ಚಾಚಿ ಕುಳಿತು ಸಂತೆಯಲ್ಲಿ ವ್ಯಾಪಾರ ಕುದುರಿಸಿದ ಹಾಗೆ ಮಾತಾಡಿದರು. ನಾನು ಭಾಲ್ಕಿಗೆ ಹೋಗಿ ಆಶೀಷನಿಗೆ ಗಂಜಿ ಕುಡಿಸಿಕೊಂಡು ಇರಬೇಕು, ಸುಟ್ಟ ಕೈಯ ಮಾತು ಎಲ್ಲೂ ಆಡಬಾರದು. ಆಗ ಅವನು ಕೋರ್ಟಿನಲ್ಲಿ ತಾಯಿಗೆ ವಯಸ್ಸಾಗಿದೆ, ಬುದ್ಧಿ ಸ್ಥಿಮಿತದಲ್ಲಿಲ್ಲ, ಬಿಟ್ಟುಬಿಡಿ ಎನ್ನುತ್ತಾನೆ. ಇಲ್ಲದಿದ್ದರೆ ಮುದುಕಿ ಅಲ್ಲೇ ಕೊಳೆಯಲಿ ಎಂದರು. ನಾನು ಆಗುವುದಿಲ್ಲ ಎಂದೆ. ಎದ್ದವರೇ ರೊಟ್ಟಿ ಬುಟ್ಟಿಗೆ ಒದ್ದರು. ಈ ಮನೆತನದ ಗಂಡಸರ ಕಾಲಿಗೆ ಊಟದ ಮೇಲೆ ಅದೇನು ವೈರವೋ. ಒಲೆಯ ಮೇಲೆ ಕಟ್ಟು ಕುದಿಯುತ್ತಿತ್ತು. ಇಕ್ಕಳದಲ್ಲಿ ಬೋಗುಣಿ ಎತ್ತಿ ಹಿಡಿದು ಅವರ ಮುಂದೆ ಹೋಗಿ ನಿಂತೆ. ‘ಕಾಕಾ, ಜರಾ ಹಿಂದಕ ಸರೀರಿ. ಒಂದೇ ಕೈ ಅದರಿ, ನಡಗಲಿಕತ್ತದ, ಚೆಲ್ಲಿದ್ರ ನನಗ ಅನಬ್ಯಾಡ್ರಿ’ ಎಂದೆ. ಚಪ್ಪಲಿ ಬಿಟ್ಟು ಓಡಿದರು. ಅವರು ಹೋದ ಮೇಲೆ ನೆಲದ ರೊಟ್ಟಿ ಚೂರು ಆರಿಸಿ, ಧೂಳು ಒರೆಸಿ, ಅದೇ ಕಟ್ಟಿನಲ್ಲಿ ನೆನೆಸಿ ಹೊಟ್ಟೆ ತುಂಬ ಉಂಡೆ. ತುಂಬ ದಿನದ ಮೇಲೆ ಊಟ ರುಚಿ ಹತ್ತಿತು.

ಖಾಲಾ ನಿಮಗೆ ಸಲಾಂ ಹೇಳಿದ್ದಾರೆ, ನಿಮ್ಮ ಹೆಸರಿನಲ್ಲಿ ದುವಾ ಮಾಡುತ್ತಿದ್ದಾರಂತೆ. ಸಂತಪುರದಿಂದ ಅಪ್ಪ ನಮಸ್ಕಾರ ತಿಳಿಸಿದ್ದಾರೆ. ಹೊತ್ತಿಗೆ ಸರಿಯಾಗಿ ಉಣ್ಣಿ, ಅಲ್ಲಿ ಯಾರಾದರೂ ತಾಟಿನಲ್ಲಿ ಅನ್ನ ಬಿಟ್ಟರೆ ಬೈಯುತ್ತ ಕೂಡಬೇಡಿ. ನಿಮ್ಮ ಕಾಲಿಗೆ ಬಿದ್ದು ಕೇಳಿಕೊಳ್ಳುತ್ತೇನೆ, ನನ್ನ ತಲೆಯ ಮೇಲೆ ಕೈ ಇಡಿ.

ನಿಮ್ಮ ಸೊಸೆ,
ಮುಕ್ತಾ

ತಾ.ಕ.: ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಅಜರ ವಕೀಲರು ಹೊರಗೆ ಮೋಟರ್ ಸೈಕಲ್ ಮೇಲೆ ಕಾಯುತ್ತಿದ್ದಾರೆ. ಇವತ್ತು ಬೆಳಿಗ್ಗೆ ಅವರ ಜೊತೆ ಠಾಣೆಗೆ ಹೋಗಿ ಕೈಯ ಪಟ್ಟಿ ಬಿಚ್ಚಿ ತೋರಿಸಿದೆ, ಎರಡನೆಯ ಏಟು ನನ್ನದು ಎಂದು ಹೇಳಿಕೆ ಕೊಟ್ಟೆ. ಮೊದಲು ನಂಬಲಿಲ್ಲ. ದವಡೆಯ ಯಾವ ಕಡೆ, ಯಾವ ಕೈಯಿಂದ ಎಂದು ತೋರಿಸಿದಾಗ ಬರೆದುಕೊಂಡರು. ಸೋಮವಾರ ಕೋರ್ಟಿಗೆ ನಾನೂ ಬರುತ್ತೇನೆ, ಅಲ್ಲಿಂದ ನನ್ನನ್ನು ಎಲ್ಲಿಗೆ ಕಳಿಸುತ್ತಾರೋ ವಕೀಲರಿಗೂ ಗೊತ್ತಿಲ್ಲ. ಜಡ್ಜ್ ಸಾಹೇಬರು ಕೇಳಿದಾಗ ನೀವು ಒಂದೇ ಎನ್ನಬೇಕು, ಎರಡು ಎಂದರೆ ನಾನು ಎಲ್ಲರ ಮುಂದೆ ನಿಮ್ಮನ್ನು ಸುಳ್ಳಿ ಎನ್ನುತ್ತೇನೆ. ಈ ಮನೆಯಲ್ಲಿ ಏಟು ತಿನ್ನುವಾಗ ನನ್ನ ಪಾಲು ಯಾರೂ ತೆಗೆದುಕೊಳ್ಳಲಿಲ್ಲ ಆಯಿ. ಕೊಟ್ಟದ್ದು ಒಂದೇ ಒಂದು, ಅದು ನನ್ನದಾಗಿಯೇ ಇರಲಿ.